ಕೊಲ್ಲಿಯ ತೈಲ, ಅನಿಲ ಯೋಜನೆಗಳು: ಕೈಯಲ್ಲಿರುವ ಎರಡು ಆಫರುಗಳಲ್ಲಿ ಯಾವುದನ್ನು ಒಪ್ಪಬೇಕು?

ಕೊಲ್ಲಿಯಲ್ಲಿ ಕೆಲಸ ಸಿಕ್ಕಿತು ಎಂದರೆ ಉಡುಪಿ, ಮಂಗಳೂರು, ಭಟ್ಕಳದ ಕಡೆ ಮೊದಲು ಕೇಳುವುದು ಯಾವ ದೇಶ ಎಂದು, ಆಮೇಲೆ ಕೇಳುವುದು ಸಂಬಳ ಎಷ್ಟು ಎಂದು. ಅಂಗಡಿ, ಹೋಟೆಲು, ಆಸ್ಪತ್ರೆಯ ಕೆಲಸಗಳಿಗೆ ಈ ಎರಡು ಪ್ರಶ್ನೆಗಳು ಬಹುಮಟ್ಟಿಗೆ ಸಾಕು. ತೈಲ, ಅನಿಲ ಮತ್ತು ಪೆಟ್ರೋಕೆಮಿಕಲ್ ಯೋಜನೆಗಳಿಗೆ ಸಾಲುವುದಿಲ್ಲ. ಒಂದೇ ಬೇಲಿಯೊಳಗೆ ಒಂದೇ ಬಗೆಯ ಕೆಲಸ ಮಾಡುವ ಇಬ್ಬರು ಪೈಪಿಂಗ್ ಇನ್‌ಸ್ಪೆಕ್ಟರುಗಳಲ್ಲಿ ಒಬ್ಬರು ಹತ್ತು ವರ್ಷ ಅಲ್ಲೇ ನೆಲೆಯೂರುವುದೂ ಇನ್ನೊಬ್ಬರು ವರ್ಷ ತುಂಬುವಷ್ಟರಲ್ಲಿ ‘ಎಕ್ಸಿಟ್’ ಹೊಡೆಸಿಕೊಂಡು ಊರಿಗೆ ಮರಳುವುದೂ ಅಲ್ಲಿ ಸಾಮಾನ್ಯ ಸಂಗತಿ. ಯೋಜನೆ ಯಾವ ಹಂತದಲ್ಲಿದೆ, ಗುತ್ತಿಗೆಯ ಸರಪಣಿಯಲ್ಲಿ ನಿಮ್ಮನ್ನು ನೇಮಿಸಿಕೊಳ್ಳುವ ಕಂಪನಿ ಎಷ್ಟನೆಯ ಕೊಂಡಿ ಎಂಬೆರಡು ವಿಷಯಗಳೇ ಈ ವ್ಯತ್ಯಾಸವನ್ನು ಹೆಚ್ಚಾಗಿ ತೀರ್ಮಾನಿಸುತ್ತವೆ. ದೇಶದ ಹೆಸರು ಅವುಗಳ ನಂತರ ಬರಬೇಕಾದ ಲೆಕ್ಕ. ಸೌದಿ ಅರೇಬಿಯಾ, ಯುಎಇ, ಕತಾರ್, ಕುವೈತ್ ಮತ್ತು ಒಮಾನ್‌ಗಳ ಯೋಜನೆಗಳಿಂದ ಆಫರ್ ಬಂದಿರುವ ಎಂಜಿನಿಯರುಗಳು, ಇನ್‌ಸ್ಪೆಕ್ಟರುಗಳು ಮತ್ತು ಟೆಕ್ನಿಷಿಯನ್ನರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಹೋಲಿಕೆಯನ್ನು ಮಾಡಿದೆ.

ಯೋಜನೆಯ ಹಂತ ಮತ್ತು ನಿಮ್ಮ ಕಸುಬು

ದೊಡ್ಡದೊಂದು ಅನಿಲ ಘಟಕವೋ ಪ್ಲಾಸ್ಟಿಕ್‌ನ ಮೂಲವಸ್ತು ತಯಾರಿಸುವ ಎಥಿಲೀನ್ ಕ್ರ್ಯಾಕರೋ ಗುತ್ತಿಗೆ ಸಹಿಯಾದ ದಿನದಿಂದ ಉತ್ಪಾದನೆಗೆ ಬರಲು ಸಾಮಾನ್ಯವಾಗಿ ನಾಲ್ಕೈದು ವರ್ಷ ತೆಗೆದುಕೊಳ್ಳುತ್ತದೆ. ಮೊದಲ ವರ್ಷ ವಿನ್ಯಾಸ ಮತ್ತು ಖರೀದಿಯ ಕೆಲಸ ನಡೆಯುತ್ತದೆ. ಬಳಿಕ ಸಿವಿಲ್, ಆಮೇಲೆ ಸ್ಟೀಲ್ ಸ್ಟ್ರಕ್ಚರ್ ಮತ್ತು ಯಂತ್ರಗಳ ಜೋಡಣೆ, ಅದರ ಬೆನ್ನಿಗೆ ಪೈಪಿಂಗ್, ಕೊನೆಗೆ ಎಲೆಕ್ಟ್ರಿಕಲ್ ಮತ್ತು ಇನ್‌ಸ್ಟ್ರುಮೆಂಟೇಶನ್ ಬರುತ್ತವೆ. ಆದ್ದರಿಂದ ಒಂದೇ ಯೋಜನೆಗೆ ಒಂದೇ ದಿನ ಸೇರಿದ ಸಿವಿಲ್ ಸೂಪರ್‌ವೈಸರ್ ತಡವಾಗಿ ಬಂದವನೂ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್ ಸಕಾಲಕ್ಕೆ ಬಂದವನೂ ಆಗಿರಬಹುದು. ಸೌದಿಯ ಜುಬೈಲ್‌ನಲ್ಲಿ ಅರಾಮ್ಕೊ ಮತ್ತು ಟೋಟಲ್ ಎನರ್ಜೀಸ್ ಕಂಪನಿಗಳ ಅಮಿರಾಲ್ ಯೋಜನೆಗೆ 2023ರ ಜೂನ್‌ನಲ್ಲಿ ಸುಮಾರು 1,100 ಕೋಟಿ ಡಾಲರ್ ಮೊತ್ತದ ಗುತ್ತಿಗೆಗಳಿಗೆ ಸಹಿಯಾಯಿತು; ವರ್ಷಕ್ಕೆ 16.5 ಲಕ್ಷ ಟನ್ ಎಥಿಲೀನ್ ತಯಾರಿಸುವ ಈ ಘಟಕವನ್ನು 2027ರಲ್ಲಿ ಆರಂಭಿಸುವುದು ಅಂದಿನ ಗುರಿಯಾಗಿತ್ತು. ಅಬುಧಾಬಿಯ ರುವೈಸ್ ಎಲ್‌ಎನ್‌ಜಿ (ದ್ರವೀಕರಿಸಿದ ನೈಸರ್ಗಿಕ ಅನಿಲ) ಯೋಜನೆಗೆ ಹೂಡಿಕೆಯ ಅಂತಿಮ ತೀರ್ಮಾನವಾದದ್ದು 2024ರಲ್ಲಿ, ಗುರಿ 2028. ಈ ಎರಡರಿಂದಲೂ ಸಿವಿಲ್ ಫೋರ್‌ಮನ್ ಒಬ್ಬರಿಗೆ ಒಟ್ಟಿಗೆ ಕರೆ ಬಂದರೆ, ಮಿಕ್ಕ ಷರತ್ತುಗಳು ಸರಿಸಮವಾಗಿದ್ದಲ್ಲಿ, ತಡವಾಗಿ ಶುರುವಾದ ಯೋಜನೆಯನ್ನೇ ಅವರು ಆರಿಸಬೇಕು. ಕಟ್ಟಿದ ಘಟಕವನ್ನು ಪರೀಕ್ಷಿಸಿ ಓಡುವಂತೆ ಮಾಡುವ ಕಮಿಷನಿಂಗ್ ಪರಿಣತರಿಗೆ ಇದೇ ಲೆಕ್ಕ ತಿರುಗುಮುರುಗು.

ಕಟ್ಟೋಣದ ಕೊನೆಯ ಭಾಗಕ್ಕೆ ಸೇರುವವರು ಅಲ್ಲಿನ ಕೆಲಸದ ಸ್ವರೂಪವನ್ನೂ ತಿಳಿದಿರಬೇಕು. ಆ ಹಂತದಲ್ಲಿ ಪೈಪಿಂಗ್ ಕೆಲಸವನ್ನು ಅಳೆಯುವುದು ಎಷ್ಟು ಇಂಚು ವೆಲ್ಡಿಂಗ್ ಆಯಿತು ಎಂಬುದರಿಂದಲ್ಲ, ಎಷ್ಟು ಟೆಸ್ಟ್ ಪ್ಯಾಕೇಜುಗಳು ಮುಗಿದವು ಎಂಬುದರಿಂದ. ಒಂದು ಪ್ಯಾಕೇಜ್ ಎಂದರೆ ಡ್ರಾಯಿಂಗುಗಳು, ವೆಲ್ಡಿಂಗ್ ದಾಖಲೆಗಳು, ರೇಡಿಯೋಗ್ರಫಿ ವರದಿಗಳು ತುಂಬಿದ ಒಂದು ದಪ್ಪ ಫೈಲು. ಇನ್‌ಸ್ಪೆಕ್ಟರ್ ಆ ಫೈಲನ್ನು ಹಿಡಿದು ಪೈಪಿನ ಉದ್ದಕ್ಕೂ ನಡೆದು, ಸಪೋರ್ಟ್ ಇಲ್ಲದ ಕಡೆ, ತಿರುಗುಮುರುಗಾಗಿ ಕೂರಿಸಿದ ವಾಲ್ವ್, ತಪ್ಪು ಗ್ಯಾಸ್ಕೆಟ್ ಎಲ್ಲವನ್ನೂ ಪಂಚ್ ಲಿಸ್ಟಿಗೆ ಸೇರಿಸುತ್ತಾನೆ. ಅದರಲ್ಲಿ ‘ಎ’ ದರ್ಜೆಯವು ಸರಿಯಾಗುವವರೆಗೆ ಹೈಡ್ರೋಟೆಸ್ಟ್‌ಗೆ, ಅಂದರೆ ನೀರಿನ ಒತ್ತಡದ ಪರೀಕ್ಷೆಗೆ, ನೀರು ತುಂಬುವಂತಿಲ್ಲ. ಕ್ಲೈಂಟ್ ಪ್ರತಿನಿಧಿಯ ಸಹಿ ಬೀಳುವ ತನಕ ಗುತ್ತಿಗೆದಾರನಿಗೆ ಆ ಪಾಲಿನ ಹಣ ಬರುವುದಿಲ್ಲವಾದ್ದರಿಂದ ಈ ತಿಂಗಳುಗಳಲ್ಲಿ ಒತ್ತಡವೂ ಹೆಚ್ಚು, ಓವರ್‌ಟೈಮೂ ಹೆಚ್ಚು. ಆದರೆ ಇಲ್ಲಿ ಕಲಿತ ವಿದ್ಯೆಗೆ ಮುಂದಿನ ಯೋಜನೆಯಲ್ಲಿ ಸಿಗುವ ಬೆಲೆ, ಕಟ್ಟೋಣದ ನಡುಭಾಗದಲ್ಲಿ ಕಳೆದ ಎರಡು ವರ್ಷಕ್ಕೆ ಸಿಗುವ ಬೆಲೆಗಿಂತ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ಘಟಕ ಓಡತೊಡಗಿದ ಮೇಲೆ ಉಳಿಯುವುದು ಆಪರೇಷನ್ ಮತ್ತು ಮೆಂಟೆನೆನ್ಸ್ ಕೆಲಸ. ನೆಲೆಯೂರುವ ಆಸೆಯುಳ್ಳವರಿಗೆ ಇದೇ ಉತ್ತಮ. ಸಾವಿರಾರು ಜನ ಕಟ್ಟಿದ ಘಟಕವನ್ನು ನೂರಾರು ಜನ ನಡೆಸುತ್ತಾರಾದ್ದರಿಂದ ಹುದ್ದೆಗಳು ಕಡಿಮೆ. ಅವುಗಳಲ್ಲಿಯೂ ಸ್ಥಳೀಯ ಪ್ರಜೆಗಳಿಗೆ ಮೊದಲ ಆದ್ಯತೆ ಇರುತ್ತದೆ.

ಶಟ್‌ಡೌನ್ ಕೆಲಸದ ಮಾತು ಬೇರೆ. ಓಡುವ ಘಟಕವನ್ನು ಕೆಲವು ವಾರ ನಿಲ್ಲಿಸಿ, ಹಗಲು ರಾತ್ರಿ ಪಾಳಿಯಲ್ಲಿ ದುರಸ್ತಿ ಮುಗಿಸುವ ಈ ಕೆಲಸಕ್ಕೆ ದಿನಗೂಲಿ ಆಕರ್ಷಕವಾಗಿರುತ್ತದೆ. ಅದನ್ನು ಒಪ್ಪುವ ಮುನ್ನ ಒಂದು ತೆರಿಗೆಯ ಮಾತನ್ನು ಗಮನಿಸಬೇಕು. ಉದ್ಯೋಗಕ್ಕಾಗಿ ಹೊರದೇಶಕ್ಕೆ ಹೋಗುವ ಭಾರತೀಯರು ಆ ಹಣಕಾಸು ವರ್ಷದಲ್ಲಿ 182 ದಿನಗಳಿಗಿಂತ ಕಡಿಮೆ ಭಾರತದಲ್ಲಿದ್ದರೆ ಮಾತ್ರ ಅನಿವಾಸಿ ಎನಿಸಿಕೊಳ್ಳುತ್ತಾರೆ. ಮೂರು ತಿಂಗಳ ಶಟ್‌ಡೌನಿಗೆ ಹೋಗಿ ಬಂದು ಉಳಿದ ಒಂಬತ್ತು ತಿಂಗಳು ಸುರತ್ಕಲ್‌ನಲ್ಲಿ ಇದ್ದವರು ನಿವಾಸಿಗಳೇ ಆಗಿರುತ್ತಾರೆ, ಕೊಲ್ಲಿಯಲ್ಲಿ ತೆರಿಗೆಯಿಲ್ಲದೆ ಕೈಸೇರಿದ ಸಂಬಳಕ್ಕೆ ಇಲ್ಲಿ ತೆರಿಗೆ ಬೀಳುತ್ತದೆ. ಏಜೆಂಟರು ಇದನ್ನು ಹೇಳುವುದಿಲ್ಲ.

ಕಚ್ಚಾ ತೈಲವೋ ಅನಿಲವೋ ಪೆಟ್ರೋಕೆಮಿಕಲ್ಲೋ

2024ರ ಜನವರಿಯಲ್ಲಿ ಸೌದಿ ಸರ್ಕಾರ ಅರಾಮ್ಕೊಗೆ ಒಂದು ಸೂಚನೆ ಕೊಟ್ಟಿತು: ಕಚ್ಚಾ ತೈಲದ ಗರಿಷ್ಠ ಉತ್ಪಾದನಾ ಸಾಮರ್ಥ್ಯವನ್ನು ದಿನಕ್ಕೆ 1.3 ಕೋಟಿ ಬ್ಯಾರೆಲ್‌ಗೆ ಏರಿಸುವ ಯೋಜನೆಯನ್ನು ಕೈಬಿಟ್ಟು 1.2 ಕೋಟಿಯಲ್ಲೇ ನಿಲ್ಲಿಸಬೇಕು ಎಂದು. ಅದರ ಬೆನ್ನಿಗೇ ಸಫಾನಿಯಾ, ಮನಿಫಾ ಕಡಲ ಕ್ಷೇತ್ರಗಳ ವಿಸ್ತರಣೆ ನಿಂತಿತು, ಬಾಡಿಗೆಗೆ ಪಡೆದ ಹಲವಾರು ಕಡಲ ರಿಗ್ಗುಗಳನ್ನು ತಾತ್ಕಾಲಿಕವಾಗಿ ಹಿಂದಕ್ಕೆ ಕಳಿಸಲಾಯಿತು. ಕಚ್ಚಾ ತೈಲದ ಯೋಜನೆಗಳು ಬೆಲೆಗೂ ಒಪೆಕ್ ಒಕ್ಕೂಟದ ನಿರ್ಧಾರಗಳಿಗೂ ಕಟ್ಟುಬಿದ್ದಿರುತ್ತವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಅನಿಲದ ಸ್ಥಿತಿ ಹಾಗಿಲ್ಲ. ಸೌದಿಗೆ ಅನಿಲ ಬೇಕಾಗಿರುವುದು ಮೊದಲಿಗೆ ತನ್ನದೇ ವಿದ್ಯುತ್ ಸ್ಥಾವರಗಳಲ್ಲಿ ಉರಿಸುತ್ತಿರುವ ತೈಲವನ್ನು ಉಳಿಸಲು. ಹೀಗಾಗಿ ಸುಮಾರು 200 ಲಕ್ಷ ಕೋಟಿ ಘನ ಅಡಿ ಅನಿಲವಿದೆಯೆಂದು ಅಂದಾಜಿಸಿರುವ ಜಫೂರಾ ಕ್ಷೇತ್ರದ ಕೆಲಸ, ಕಚ್ಚಾ ತೈಲದ ವಿಸ್ತರಣೆ ನಿಂತ ಕಾಲದಲ್ಲಿಯೂ ಮುಂದುವರಿಯಿತು. ಕತಾರ್‌ನಲ್ಲಿ ಅನಿಲ ಮಾರಾಟದ ಕರಾರುಗಳೇ ದಶಕಗಳಷ್ಟು ಉದ್ದ. ನಮ್ಮ ಪೆಟ್ರೋನೆಟ್ ಎಲ್‌ಎನ್‌ಜಿ ಕಂಪನಿಯು ವರ್ಷಕ್ಕೆ 75 ಲಕ್ಷ ಟನ್ ಖರೀದಿಸುವ ಒಪ್ಪಂದವನ್ನು 2024ರ ಫೆಬ್ರುವರಿಯಲ್ಲಿ 2048ರವರೆಗೆ ನವೀಕರಿಸಿಕೊಂಡಿದೆ. ಕೊಳ್ಳುವವರು ಹೀಗೆ ಮೊದಲೇ ನಿಗದಿಯಾದ ಯೋಜನೆ ನಡುವೆ ನಿಲ್ಲುವ ಸಾಧ್ಯತೆ ಕಡಿಮೆ.

ಪೆಟ್ರೋಕೆಮಿಕಲ್ ಈ ಎರಡರ ನಡುವೆ ನಿಲ್ಲುತ್ತದೆ. ಚೀನಾ ತನ್ನದೇ ಬೃಹತ್ ಘಟಕಗಳನ್ನು ಕಟ್ಟಿಕೊಂಡ ಮೇಲೆ ಪ್ಲಾಸ್ಟಿಕ್ ಕಚ್ಚಾವಸ್ತುಗಳ ಲಾಭ ತೆಳುವಾಗಿದೆ. ಆದರೂ ಕೊಲ್ಲಿಯ ಘಟಕಗಳಿಗೆ ಕಚ್ಚಾವಸ್ತುವಾದ ಅಗ್ಗದ ಈಥೇನ್ ಅನಿಲ ಪಕ್ಕದಲ್ಲೇ ಸಿಗುವುದರಿಂದ ಯುರೋಪಿನ ಹಳೆಯ ಘಟಕಗಳು ಮುಚ್ಚುವಾಗಲೂ ಇವು ತಾಳಿಕೊಳ್ಳಬಲ್ಲವು. ಶುರುವಾದ ಯೋಜನೆಗೆ ಸೇರಲು ಅಂಜಬೇಕಿಲ್ಲ. ಬರೀ ಘೋಷಣೆಯಾಗಿ, ಅಂತಿಮ ಹೂಡಿಕೆ ತೀರ್ಮಾನವಾಗದ ಯೋಜನೆಯ ಹೆಸರಿನಲ್ಲಿ ಜನ ಸೇರಿಸುತ್ತಿದ್ದರೆ ಎಚ್ಚರ ಬೇಕು.

ದೇಶ ಮತ್ತು ಸ್ಥಳ

ಕತಾರ್‌ನ ಬಹುಪಾಲು ಕೆಲಸ ದೋಹಾದಿಂದ ಸುಮಾರು 80 ಕಿಲೋಮೀಟರ್ ಉತ್ತರಕ್ಕಿರುವ ರಾಸ್ ಲಫಾನ್‌ನಲ್ಲಿದೆ. 1971ರಲ್ಲಿ ಪತ್ತೆಯಾದ ನಾರ್ತ್ ಫೀಲ್ಡ್ ಕ್ಷೇತ್ರವನ್ನು ಹಂತಹಂತವಾಗಿ ವಿಸ್ತರಿಸಿ, ವರ್ಷಕ್ಕೆ 7.7 ಕೋಟಿ ಟನ್ ಇದ್ದ ಎಲ್‌ಎನ್‌ಜಿ ಸಾಮರ್ಥ್ಯವನ್ನು 14.2 ಕೋಟಿ ಟನ್‌ಗೆ ಏರಿಸುವ ಯೋಜನೆಯನ್ನು ಆ ದೇಶ ಹಾಕಿಕೊಂಡಿದೆ. ಪೂರ್ವ, ದಕ್ಷಿಣ, ಪಶ್ಚಿಮ ಎಂದು ವಿಸ್ತರಣೆಗಳು ಒಂದರ ಹಿಂದೆ ಒಂದು ಬರುವುದರಿಂದ, ಒಂದು ಹಂತ ಮುಗಿಸಿದವರಿಗೆ ಅದೇ ಬೇಲಿಯೊಳಗೆ ಮುಂದಿನ ಹಂತದಲ್ಲಿ ಕೆಲಸ ಸಿಗುವ ಅವಕಾಶ ಇಲ್ಲಿರುವಷ್ಟು ಬೇರೆಡೆ ಇಲ್ಲ. 2020ರ ಕಾನೂನು ತಿದ್ದುಪಡಿಯ ಬಳಿಕ ಮಾಲೀಕರ ಎನ್‌ಒಸಿ ಇಲ್ಲದೆ, ನೋಟಿಸ್ ಅವಧಿ ಪೂರೈಸಿ ಕೆಲಸ ಬದಲಿಸಬಹುದಾದ್ದರಿಂದ ಈ ಅವಕಾಶಕ್ಕೆ ನಿಜವಾದ ಬೆಲೆ ಬಂದಿದೆ. ಬೇಸಗೆಯಲ್ಲಿ ಬಯಲಿನ ಕೆಲಸಕ್ಕೆ ಇರುವ ನಿರ್ಬಂಧವೂ ಇಲ್ಲಿ ದೀರ್ಘ: ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ. ಸೌದಿಯಲ್ಲಿ ಅದು ಜೂನ್ 15ರಿಂದ, ಮಧ್ಯಾಹ್ನ 12ರಿಂದ 3ರವರೆಗೆ ಮಾತ್ರ.

ಸೌದಿಯ ಬಲ ಅದರ ಗಾತ್ರ. ಜುಬೈಲ್ ಮತ್ತು ಯಾನ್ಬುಗಳನ್ನು ಕೈಗಾರಿಕಾ ನಗರಗಳಾಗಿ ಬೆಳೆಸಲು 1975ರಲ್ಲೇ ರಾಯಲ್ ಕಮಿಷನ್ ರಚಿಸಿದ್ದರ ಫಲವಾಗಿ ಜುಬೈಲ್ ಇಂದು ಶಾಲೆ, ಆಸ್ಪತ್ರೆ, ಕಡಲತೀರಗಳಿರುವ ಪೂರ್ಣ ಪ್ರಮಾಣದ ಊರು; ಕರಾವಳಿಯ ಕನ್ನಡಿಗರು, ತುಳುವರು, ಬ್ಯಾರಿಗಳು ದಶಕಗಳಿಂದ ನೆಲೆಸಿರುವ ಊರೂ ಹೌದು. ಒಂದು ಯೋಜನೆ ನಿಂತರೆ ಪಕ್ಕದಲ್ಲಿ ಇನ್ನೊಂದು ಇರುತ್ತದೆ. ಇನ್‌ಸ್ಪೆಕ್ಟರುಗಳಿಗೂ ಸೇಫ್ಟಿ ಸಿಬ್ಬಂದಿಗೂ ‘ಅರಾಮ್ಕೊ ಅಪ್ರೂವಲ್’ ಒಮ್ಮೆ ಸಿಕ್ಕಿದರೆ ಅದೇ ಅವರ ಮುಂದಿನ ಕೆಲಸದ ರಹದಾರಿ. ಆದರೆ ಕುಟುಂಬವನ್ನು ಕರೆದೊಯ್ಯುವವರು ಅವಲಂಬಿತರ ಶುಲ್ಕವನ್ನು ಮರೆಯಬಾರದು: ತಲಾ ತಿಂಗಳಿಗೆ 400 ರಿಯಾಲ್‌ನಂತೆ ಹೆಂಡತಿ ಮತ್ತು ಇಬ್ಬರು ಮಕ್ಕಳಿಗೆ ವರ್ಷಕ್ಕೆ 14,400 ರಿಯಾಲ್ ಆಗುತ್ತದೆ. ಇದನ್ನು ಕಂಪನಿ ಭರಿಸುತ್ತದೆಯೇ ಎಂಬುದು ಬರಹದಲ್ಲಿರಬೇಕು. ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಸೌದೀಕರಣ ನೀತಿ ಎಂಜಿನಿಯರಿಂಗ್ ಹುದ್ದೆಗಳಿಗೂ ವಿಸ್ತರಿಸಿರುವುದರಿಂದ ಕಚೇರಿಯೊಳಗಿನ ಹುದ್ದೆಗಳಿಗಿಂತ ಸೈಟಿನ ಹುದ್ದೆಗಳು ವಿದೇಶೀಯರಿಗೆ ಹೆಚ್ಚು ಭದ್ರ.

ಯುಎಇಯಲ್ಲಿ ಯೋಜನೆಗಳು ಅಬುಧಾಬಿಯ ಪಶ್ಚಿಮಕ್ಕೆ, ನಗರದಿಂದ ಸುಮಾರು 240 ಕಿಲೋಮೀಟರ್ ದೂರದ ರುವೈಸ್ ಸುತ್ತ ಮತ್ತು ಕಡಲಲ್ಲಿವೆ. ವರ್ಷಕ್ಕೆ 14 ಲಕ್ಷ ಟನ್ ಪಾಲಿಎಥಿಲೀನ್ ಸಾಮರ್ಥ್ಯದ ಬೊರೂಜ್ 4, ತಲಾ 48 ಲಕ್ಷ ಟನ್‌ನ ಎರಡು ಎಲ್‌ಎನ್‌ಜಿ ಟ್ರೇನುಗಳು (ಅನಿಲವನ್ನು ದ್ರವವಾಗಿಸುವ ಘಟಕಗಳು), ಹಾಗೂ 2023ರ ಅಕ್ಟೋಬರ್‌ನಲ್ಲಿ ಸುಮಾರು 1,700 ಕೋಟಿ ಡಾಲರ್ ಗುತ್ತಿಗೆ ನೀಡಲಾದ ಹೈಲ್ ಮತ್ತು ಗಾಶಾ ಕಡಲ ಅನಿಲ ಯೋಜನೆ ಇವುಗಳಲ್ಲಿ ಮುಖ್ಯವಾದವು. ‘ದುಬೈನಲ್ಲಿ ಕೆಲಸ’ ಎಂದು ನೆಂಟರಿಗೆಲ್ಲ ಹೇಳಿ ಹೊರಟವರು ರುವೈಸ್ ಕ್ಯಾಂಪಿನಲ್ಲಿ ಇಳಿದಾಗ ಪೆಚ್ಚಾಗುವುದುಂಟು. ದುಬೈ ನೋಡಬೇಕೆಂದರೆ ರಜೆಯ ದಿನ ಗಂಟೆಗಟ್ಟಲೆ ಬಸ್ಸಿನಲ್ಲಿ ಕೂರಬೇಕು.

ಹೈಲ್–ಗಾಶಾ, ಶಾಹ್‌ನಂಥ ಕ್ಷೇತ್ರಗಳ ಅನಿಲ ‘ಸೋರ್ ಗ್ಯಾಸ್’, ಅಂದರೆ ಹೈಡ್ರೋಜನ್ ಸಲ್ಫೈಡ್ ಬೆರೆತ ಅನಿಲ. ಶಾಹ್‌ನಲ್ಲಿ ಅದರ ಪ್ರಮಾಣ ಶೇಕಡ 20ನ್ನೂ ಮೀರುತ್ತದೆ. ಗಾಳಿಯಲ್ಲಿ ಹತ್ತು ಲಕ್ಷಕ್ಕೆ ನೂರು ಭಾಗದಷ್ಟಾದರೂ ಈ ಅನಿಲ ಮೂಗಿನ ವಾಸನೆಯ ಶಕ್ತಿಯನ್ನೇ ಕುಂದಿಸಿಬಿಡುವುದರಿಂದ ಕೊಳೆತ ಮೊಟ್ಟೆಯ ವಾಸನೆಯನ್ನು ನಂಬಿ ಕೂರುವಂತಿಲ್ಲ. ಅನಿಲ ಹರಿಯುತ್ತಿರುವ ಕಡೆ ಕೊರಳಪಟ್ಟಿಗೆ ಸಿಕ್ಕಿಸಿದ ಪುಟ್ಟ ಮೀಟರು, ಉಸಿರಾಟದ ಉಪಕರಣ, ಗಾಳಿ ಬೀಸುವ ದಿಕ್ಕು ತೋರಿಸುವ ವಿಂಡ್‌ಸಾಕ್ ಇವು ದಿನನಿತ್ಯದ ಸಂಗಾತಿಗಳು. ಗಡ್ಡ ಬಿಟ್ಟವರಿಗೆ ಮಾಸ್ಕ್ ಮುಖಕ್ಕೆ ಸರಿಯಾಗಿ ಅಂಟುವುದಿಲ್ಲವೆಂದು ಒಳಗೆ ಬಿಡದ ಸೈಟುಗಳಿವೆ. ಹೊಸದಾಗಿ ಕಟ್ಟುವ ಘಟಕದಲ್ಲಿ ಅನಿಲ ಬರುವ ತನಕ ಈ ಅಪಾಯವಿಲ್ಲ; ಓಡುವ ಘಟಕದ ಪಕ್ಕದ ಬ್ರೌನ್‌ಫೀಲ್ಡ್ ಕೆಲಸದಲ್ಲಿ ಮೊದಲ ದಿನದಿಂದಲೇ ಇದೆ. ಎರಡಕ್ಕೂ ಒಂದೇ ಸಂಬಳ ಹೇಳುತ್ತಿದ್ದರೆ ಚೌಕಾಸಿ ಮಾಡಲು ನಿಮಗೆ ಹಕ್ಕಿದೆ.

ಕುವೈತ್‌ನ ದೊಡ್ಡ ಕಟ್ಟೋಣದ ಅಲೆ ಇಳಿದಿದೆ. ದಿನಕ್ಕೆ 6,15,000 ಬ್ಯಾರೆಲ್ ಸಾಮರ್ಥ್ಯದ ಅಲ್-ಜೂರ್ ಸಂಸ್ಕರಣಾಗಾರ ಪೂರ್ಣಗೊಂಡು ಓಡುತ್ತಿದೆ. ಈಗ ಅಲ್ಲಿರುವುದು ಹೆಚ್ಚಾಗಿ ಮೆಂಟೆನೆನ್ಸ್ ಕೆಲಸ. ಎಂಜಿನಿಯರ್ ಪದನಾಮ ಬೇಕಾದ ಭಾರತೀಯರಿಗೆ ಇಲ್ಲಿ ಒಂದು ಗಂಟಿದೆ: ಓದಿದ ಕೋರ್ಸಿಗೆ ಎನ್‌ಬಿಎ (ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆ ಇರಬೇಕೆಂದು 2018ರಿಂದ ಕೇಳುತ್ತಿದ್ದಾರೆ, ಅದಿಲ್ಲದ ಕಾಲೇಜುಗಳಲ್ಲಿ ಓದಿದ ಅನುಭವಿಗಳೂ ಸಿಕ್ಕಿಬಿದ್ದಿದ್ದಾರೆ. 2025ರ ಜುಲೈನಿಂದ ಖಾಸಗಿ ವಲಯದ ವಿದೇಶಿ ನೌಕರರು ದೇಶ ಬಿಟ್ಟು ಹೊರಡಲು ಮಾಲೀಕರ ಅನುಮತಿಯೂ ಬೇಕು. 2024ರ ಜೂನ್ 12ರಂದು ಮಂಗಾಫ್‌ನ ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು ನಲವತ್ತಕ್ಕೂ ಹೆಚ್ಚು ಭಾರತೀಯರು ತೀರಿಕೊಂಡ ಮೇಲೆ, ವಸತಿ ಎಲ್ಲಿ, ಒಂದು ಕೋಣೆಗೆ ಎಷ್ಟು ಜನ, ತುರ್ತು ದಾರಿ ಇದೆಯೇ ಎಂದು ಕೇಳುವುದನ್ನು ಯಾರೂ ಅತಿಯೆಂದು ತಿಳಿಯಬಾರದು. ಯಾವ ದೇಶಕ್ಕೆ ಹೋಗುವವರಾದರೂ ಇದನ್ನು ಕೇಳಬೇಕು.

ಒಮಾನ್‌ನಲ್ಲಿ ಯೋಜನೆಗಳು ಕಡಿಮೆ, ಗಾತ್ರವೂ ಚಿಕ್ಕದು. ಕುವೈತ್ ಜೊತೆಗೂಡಿ ಕಟ್ಟಿದ, ದಿನಕ್ಕೆ 2,30,000 ಬ್ಯಾರೆಲ್‌ನ ದುಕ್ಮ್ ಸಂಸ್ಕರಣಾಗಾರ 2024ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಸೋಹಾರ್‌ನಲ್ಲಿ ಹಡಗುಗಳ ಇಂಧನಕ್ಕಾಗಿ ಮರ್ಸಾ ಎಲ್‌ಎನ್‌ಜಿ ಎಂಬ ಸಣ್ಣ ಘಟಕವೊಂದನ್ನು ಕಟ್ಟುವ ಯೋಜನೆಯಿದೆ. ನೆಮ್ಮದಿಯ ಬದುಕು ಬೇಕೆನ್ನುವವರಿಗೆ ಒಮಾನ್ ಹಿಡಿಸುತ್ತದೆ, ಬೇಗ ದುಡ್ಡು ಮಾಡುವವರಿಗೆ ಅಷ್ಟಾಗಿ ಇಲ್ಲ.

ಭೂಗೋಳದ ಇನ್ನೊಂದು ಲೆಕ್ಕವೂ ಇದೆ. ರಾಸ್ ಲಫಾನ್, ರುವೈಸ್, ಜುಬೈಲ್, ಕುವೈತ್ ಎಲ್ಲದರ ಹಡಗುಗಳೂ ಹೊರ್ಮುಜ್ ಜಲಸಂಧಿಯನ್ನು ದಾಟಲೇಬೇಕು. ಯಾನ್ಬು, ಫುಜೈರಾ, ದುಕ್ಮ್, ಸೋಹಾರ್ ಅದರಾಚೆಗಿವೆ. 2019ರ ಸೆಪ್ಟೆಂಬರ್‌ನಲ್ಲಿ ಅಬ್‌ಕೈಕ್ ತೈಲ ಸಂಸ್ಕರಣಾ ಕೇಂದ್ರದ ಮೇಲೆ ನಡೆದ ದಾಳಿಯಿಂದ ಸೌದಿಯ ಅರ್ಧದಷ್ಟು ಉತ್ಪಾದನೆಯೇ ಕೆಲವು ದಿನ ನಿಂತುಹೋಗಿತ್ತು. ಸಂಘರ್ಷದಿಂದ ಸೈಟ್ ಮುಚ್ಚಿದರೆ ಆ ದಿನಗಳ ಸಂಬಳ ಸಿಗುತ್ತದೆಯೇ, ಊರಿಗೆ ಕಳಿಸುವ ವಿಮಾನದ ಖರ್ಚು ಯಾರದು ಎಂಬೆರಡು ಪ್ರಶ್ನೆಗಳಿಗೆ ಕರಾರಿನಲ್ಲಿ ಉತ್ತರ ಹುಡುಕಿ.

ಗುತ್ತಿಗೆಯ ಸರಪಣಿ

ಎಲ್ಲಕ್ಕಿಂತ ಹೆಚ್ಚು ತೂಕ ಕೊಡಬೇಕಾದದ್ದು ಇದಕ್ಕೆ. ಮೇಲ್ಗಡೆ ಮಾಲೀಕ ಕಂಪನಿ, ಅಂದರೆ ಅರಾಮ್ಕೊ, ಆಡ್ನಾಕ್, ಕತಾರ್ ಎನರ್ಜಿಯಂಥವು. ಅದರ ಕೆಳಗೆ ಇಡೀ ಘಟಕವನ್ನು ಕಟ್ಟಿಕೊಡುವ ಇಪಿಸಿ ಗುತ್ತಿಗೆದಾರ. ಅವನ ಕೆಳಗೆ ಸಿವಿಲ್‌ಗೆ ಒಬ್ಬ, ಪೈಪಿಂಗ್‌ಗೆ ಒಬ್ಬ ಎಂದು ಸಬ್ ಕಾಂಟ್ರಾಕ್ಟರುಗಳು. ಅವರಿಗೂ ಕೆಳಗೆ ತಲೆಗೆ ಇಷ್ಟು, ಗಂಟೆಗೆ ಇಷ್ಟು ಎಂದು ಜನ ಒದಗಿಸುವ ಸಪ್ಲೈ ಕಂಪನಿಗಳು. ಹಣ ಮೇಲಿನಿಂದ ಕೆಳಗೆ ಹರಿಯುತ್ತದೆ, ಪ್ರತಿ ಮೆಟ್ಟಿಲಿನಲ್ಲೂ ಬಿಲ್ ಪಾಸಾಗಲು ವಾರಗಳು, ತಿಂಗಳುಗಳು ಹಿಡಿಯುತ್ತವೆ. ಆದ್ದರಿಂದ ಸಂಬಳ ತಡವಾಗುವ ರೋಗ ತಳದಲ್ಲಿ ಹೆಚ್ಚು, ಮೇಲೆ ಕಡಿಮೆ. ಸೈಟಿನಲ್ಲಿ ಎಲ್ಲರ ಹೆಲ್ಮೆಟ್ ಮೇಲೂ ದೊಡ್ಡ ಯೋಜನೆಯ ಹೆಸರಿರಬಹುದು. ವೀಸಾ ಯಾರ ಹೆಸರಿನಲ್ಲಿದೆ ಎಂಬುದಷ್ಟೇ ಲೆಕ್ಕಕ್ಕೆ ಬರುವುದು.

ಶೇಕಡ ಹತ್ತು, ಹದಿನೈದು ಕಡಿಮೆ ಸಂಬಳವಾದರೂ ಇಪಿಸಿ ಕಂಪನಿಯ ನೇರ ನೇಮಕಾತಿಯನ್ನೇ ಆರಿಸಿ ಎಂಬುದು ನನ್ನ ಸಲಹೆ. ಯೋಜನೆ ಮುಗಿದಾಗ ಅಂಥ ಕಂಪನಿ ತನ್ನ ಜನರನ್ನು ಬೇರೆ ದೇಶದ ಯೋಜನೆಗೆ ಕಳಿಸಬಲ್ಲದು. ಸಪ್ಲೈ ಕಂಪನಿಯಾದರೆ ಸೈಟಿನಿಂದ ಬಿಡುಗಡೆ ಮಾಡುವ ಡಿಮೊಬಿಲೈಸೇಶನ್ ಕಾಗದ ಬಂದ ದಿನವೇ ನಿಮ್ಮ ಗಂಟೆಗಳ ಲೆಕ್ಕ ನಿಲ್ಲುತ್ತದೆ.

ಆಫರ್ ಲೆಟರ್ ಓದುವಾಗ ಒಟ್ಟು ಮೊತ್ತಕ್ಕಿಂತ ಮೊದಲು ಬೇಸಿಕ್ ನೋಡಿ. ಅಬುಧಾಬಿಯಲ್ಲಿ ತಲಾ 6,000 ದಿರ್ಹಮ್‌ಗಳ ಎರಡು ಆಫರುಗಳಿವೆ, ಒಂದರಲ್ಲಿ ಬೇಸಿಕ್ 3,600, ಇನ್ನೊಂದರಲ್ಲಿ 1,800 ಎಂದುಕೊಳ್ಳಿ. ಯುಎಇ ಕಾನೂನಿನಲ್ಲಿ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ಬೇಸಿಕ್ ಗ್ರಾಚ್ಯುಟಿಯಾಗಿ ಸಿಗುತ್ತದೆ. ನಾಲ್ಕು ವರ್ಷಕ್ಕೆ 84 ದಿನ. ತಿಂಗಳಿಗೆ 30 ದಿನವೆಂದು ಹಿಡಿದರೆ ಮೊದಲನೆಯವರಿಗೆ 10,080 ದಿರ್ಹಮ್, ಎರಡನೆಯವರಿಗೆ 5,040. ಓವರ್‌ಟೈಮ್ ಲೆಕ್ಕವೂ ಬೇಸಿಕ್ ಮೇಲೆಯೇ ನಡೆಯುವುದರಿಂದ ಪ್ರತಿ ತಿಂಗಳ ವ್ಯತ್ಯಾಸ ಕೂಡುತ್ತಾ ಹೋಗಿ ನಾಲ್ಕು ವರ್ಷದಲ್ಲಿ ಇದಕ್ಕಿಂತ ದೊಡ್ಡದಾದೀತು. ಸೌದಿಯಲ್ಲಿ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲೆ ವರ್ಷಕ್ಕೆ ಒಂದು ತಿಂಗಳದ್ದು. ಆದರೆ ಎರಡರಿಂದ ಐದು ವರ್ಷದೊಳಗೆ ನೀವಾಗಿಯೇ ರಾಜೀನಾಮೆ ಕೊಟ್ಟರೆ ಅದರಲ್ಲಿ ಮೂರನೇ ಒಂದು ಭಾಗ ಮಾತ್ರ ದಕ್ಕುತ್ತದೆ. ಯೋಜನೆ ಮುಗಿಯುವುದಕ್ಕೆ ಎರಡು ತಿಂಗಳಿರುವಾಗ ‘ಸುಮ್ಮನೆ ಒಂದು ಸಹಿ’ ಎಂದು ರಾಜೀನಾಮೆ ಪತ್ರ ಮುಂದಿಟ್ಟರೆ ಸಹಿ ಹಾಕಬಾರದು ಎಂದು ಹಳಬರು ಹೇಳುವುದು ಇದಕ್ಕೇ.

ಊರಿನಿಂದ ಹೊರಡುವ ಮುನ್ನದ ಕೆಲಸವನ್ನು ಚುಟುಕಾಗಿ ಹೇಳಬಹುದು. ಏಜೆನ್ಸಿ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಣಿಯಾಗಿದೆಯೇ ಎಂದು ನೋಡಿ. ಅದು ನಿಮ್ಮಿಂದ ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ಬದಲಿಸೋಣ ಎನ್ನುವವರನ್ನೂ ನಿಗದಿತ ಕೆಲಸವಿಲ್ಲದ ‘ಫ್ರೀ ವೀಸಾ’ ಮಾರುವವರನ್ನೂ ದೂರವಿಡಿ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಎಮಿಗ್ರೇಶನ್ ಕ್ಲಿಯರೆನ್ಸ್ ಬೇಕಾಗುತ್ತದೆ. ಅದರೊಂದಿಗೆ ಮಾಡಿಸುವ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ 10 ಲಕ್ಷ ರೂಪಾಯಿಯ ವಿಮೆ ಇದೆ, ಕಂತು ಎರಡು ವರ್ಷಕ್ಕೆ 275 ರೂಪಾಯಿ.

ಇನ್ನು ಯಾರಿಗೆ ಯಾವುದು? ಮದುವೆಯಾಗದ, ಮೂವತ್ತರೊಳಗಿನ ಡಿಪ್ಲೊಮಾದವರಿಗೆ ರಾಸ್ ಲಫಾನ್ ಅಥವಾ ರುವೈಸ್‌ನ ಕಟ್ಟೋಣದ ಕೊನೆಯ ಎರಡು ವರ್ಷ ಒಳ್ಳೆಯ ಆರಂಭ. ಅಲ್ಲಿಂದ ಕಮಿಷನಿಂಗ್ ತಂಡಕ್ಕೆ ದಾಟಿಕೊಳ್ಳಲು ನೋಡಬೇಕು. ಶಾಲೆಗೆ ಹೋಗುವ ಮಕ್ಕಳಿರುವವರಿಗೆ, ಅವಲಂಬಿತರ ಶುಲ್ಕವನ್ನು ಕಂಪನಿ ಕಟ್ಟುವುದಾದರೆ, ಜುಬೈಲ್. ಐವತ್ತು ದಾಟಿದ, ವೆಲ್ಡಿಂಗ್ ತಪಾಸಣೆಯ ಸಿಎಸ್‌ಡಬ್ಲ್ಯುಐಪಿ ಅಥವಾ ಪೈಪಿಂಗ್ ತಪಾಸಣೆಯ ಎಪಿಐ 570 ಸರ್ಟಿಫಿಕೇಟ್ ಇರುವ ಇನ್‌ಸ್ಪೆಕ್ಟರುಗಳಿಗೆ ವರ್ಷಕ್ಕೆರಡು ಶಟ್‌ಡೌನ್, ತೆರಿಗೆಯ ಲೆಕ್ಕ ಹಾಕಿಕೊಂಡು. ಎಂಆರ್‌ಪಿಎಲ್‌ನಂಥ ಸಾರ್ವಜನಿಕ ವಲಯದ ಸಂಸ್ಕರಣಾಗಾರದಲ್ಲಿ ಕಾಯಂ ಹುದ್ದೆಯಲ್ಲಿರುವ, ಕಂಟ್ರೋಲ್ ರೂಮಿನಿಂದ ಘಟಕ ನಡೆಸುವ ಪ್ಯಾನೆಲ್ ಆಪರೇಟರುಗಳು ಮಾತ್ರ ಅವಸರ ಮಾಡಬಾರದು. ಅವರ ಅನುಭವಕ್ಕೆ ಕೊಲ್ಲಿಯಲ್ಲಿ ಬೇಡಿಕೆ ಯಾವಾಗಲೂ ಇದೆ. ಮಾಲೀಕ ಕಂಪನಿಯೇ ನೇರವಾಗಿ ಕೊಡುವ ಆಪರೇಷನ್ ಹುದ್ದೆಗೆ ಕಾಯಬಹುದು, ಇಪಿಸಿ ಗುತ್ತಿಗೆದಾರನ ಎರಡು ವರ್ಷದ ಕಮಿಷನಿಂಗ್ ಕರಾರಿಗೆ ಆ ಹುದ್ದೆಯನ್ನು ಬಿಡುವುದು ನಷ್ಟದ ವ್ಯಾಪಾರ.